ರಾಗಿಮುದ್ದೆಯ ಎರೆಗೆ ಬಿದ್ದ ಮೀನು

ಬೇಸಿಗೆಯಲ್ಲಿ ನಮ್ಮ ಹೊನ್ನವಳ್ಳಿಯ ಕಡೆ ಮೀನು ಹಿಡಿಯುವುದೆಂದರೆ ಅದು ಕೆರೆಯ ಕೆಲಸ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿಹೋಗುತ್ತಲೇ ನೀರು ಅಂಗಳದಿಂದ ಹಿಂಜರಿಯುತ್ತ ಹಿಂಜರಿಯುತ್ತ ಏರಿಯ ಬುಡಕ್ಕೆ ಬಂದು ನಿಲ್ಲುತ್ತಿತ್ತು. ಶಾಲೆಗೆ ರಜ ಬಂತೆಂದರೆ ನಾವು ಹುಡುಗರು ಒಂದು ಬಿದಿರು ಗಳ, ಸಂತೆಯಲ್ಲಿ ಕೊಂಡ ಗಾಳ, ನವಿಲುಗರಿಯ ದಂಟಿನಿಂದ ಮಾಡಿಕೊಂಡ ಬೆಂಡು, ತಿಪ್ಪೆಗುಂಡಿಯ ಪಕ್ಕದಲ್ಲಿ ಕೆದಕಿ ತಂದ ಎರೆಹುಳು, ಇಷ್ಟನ್ನು ಹಿಡಿದು ಏರಿಯ ಮೇಲೆ ಕುಳಿತರೆ ಹೊತ್ತು ಮುಳುಗಿದ್ದೇ ತಿಳಿಯುತ್ತಿರಲಿಲ್ಲ. ಸಸಲು, ಗೆಂಡೆ, ಅದೃಷ್ಟ ಚೆನ್ನಾಗಿದ್ದರೆ ಒಂದು ಕೊರವ. ನಮ್ಮ ಮನೆಯಲ್ಲಿ ಮೀನು ತಿನ್ನುವ ಪದ್ಧತಿ ಇರಲಿಲ್ಲವಾದ್ದರಿಂದ ನಾನು ಹಿಡಿದದ್ದೆಲ್ಲ ಗೆಳೆಯರ ಮನೆಯ ಪಾಲಾಗುತ್ತಿತ್ತು; ಹಿಡಿದುದಕ್ಕೆ ಬೀಳುವ ಏಟು ಮಾತ್ರ ನನ್ನ ಪಾಲಿಗೆ ಬರುತ್ತಿತ್ತು.

ಹೀಗೆ ಕೆರೆಯ ಅಂಚಿನಲ್ಲಿ ಬೆಳೆದವನು ನದಿಯ ಮೀನಿನ ಇತಿಹಾಸವನ್ನು ಬರೆಯಹೊರಟಿರುವುದಕ್ಕೆ ಕಾರಣವುಂಟು. ನಮ್ಮ ತೆಂಗಿನ ಸೀಮೆ ನೀರಿನ ಲೆಕ್ಕದಲ್ಲಿ ಒಂದು ದಿಣ್ಣೆ. ತುರುವೇಕೆರೆಯ ಕಡೆ ಬಿದ್ದ ಮಳೆ ಹಳ್ಳಗಳ ಮೂಲಕ ಶಿಂಷಾ ನದಿಯನ್ನು ಸೇರುತ್ತದೆ. ಶಿಂಷೆ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಮಾರ್ಕೋನಹಳ್ಳಿಯ ಜಲಾಶಯವನ್ನು ದಾಟಿ, ಮದ್ದೂರನ್ನು ಹಾದು, ಶಿವನಸಮುದ್ರದ ಕೆಳಗೆ ಕಾವೇರಿಯೊಡನೆ ಕೂಡುತ್ತದೆ. ಚಿಕ್ಕನಾಯಕನಹಳ್ಳಿಯ ಉತ್ತರ ಭಾಗದಲ್ಲಿ ಬಿದ್ದ ಮಳೆಯಾದರೋ ಸುವರ್ಣಮುಖಿಗೆ ಇಳಿದು, ಬೋರನಕಣಿವೆಯಲ್ಲಿ ತಂಗಿ, ವೇದಾವತಿಯ ಮೂಲಕ ಕೃಷ್ಣೆಯ ಕಡೆ ಹೋಗುತ್ತದೆ. ಎರಡು ಮಹಾನದಿಗಳ ನಡುವಿನ ಗಡಿಯ ಮೇಲೆ ನಾವು ತೆಂಗು ನೆಟ್ಟುಕೊಂಡು ಕುಳಿತಿದ್ದೇವೆ. ಈ ಗಡಿಯ ಮಾತು ಮುಂದೆ ಮತ್ತೆ ಬರುವುದರಿಂದ ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

1989ರಲ್ಲಿ, ಶಿವರಾತ್ರಿ ಕಳೆದ ವಾರ, ಪ್ರೌಢಶಾಲೆಯ ಮಕ್ಕಳನ್ನು ಕರೆದುಕೊಂಡು ಶಿವನಸಮುದ್ರ, ಮುತ್ತತ್ತಿಗಳ ಪ್ರವಾಸ ಹೊರಟಿದ್ದೆವು. ಮುತ್ತತ್ತಿಯಲ್ಲಿ ಮುತ್ತೆತ್ತರಾಯನ ದರ್ಶನವಾಯಿತು. ಹೊಳೆಗೆ ಇಳಿಯಬಾರದೆಂದು ನೂರು ಸಲ ಹೇಳಿ, ಹೇಳಿದ್ದನ್ನು ಯಾರೂ ಕೇಳುವುದಿಲ್ಲವೆಂದು ತಿಳಿದೂ ತಿಳಿದೂ ದಡದಗುಂಟ ಭೀಮೇಶ್ವರಿಯ ದಿಕ್ಕಿಗೆ ನಡೆಸಿಕೊಂಡು ಹೊರಟೆ. ಅಲ್ಲಿ ಬಂಡೆಯೊಂದರ ಮೇಲೆ ಹಣ್ಣುಗೂದಲಿನ ಒಬ್ಬ ವಿದೇಶೀಯ, ಉದ್ದನೆಯ ಗಾಳದ ಕೋಲು ಹಿಡಿದು ನಿಂತಿದ್ದ. ಪಕ್ಕದಲ್ಲಿ ಒಂದು ಹರಿಗೋಲು. ಹರಿಗೋಲಿನ ಬಳಿ ಕುಕ್ಕರುಗಾಲಿನಲ್ಲಿ ಕುಳಿತಿದ್ದ ನಮ್ಮವನೇ ಒಬ್ಬ ತನ್ನ ಮುಂದಿನ ಪಾತ್ರೆಯಲ್ಲಿ ಏನನ್ನೋ ನಾದುತ್ತಿದ್ದ. ಹತ್ತಿರ ಹೋಗಿ ನೋಡಿದರೆ ರಾಗಿಮುದ್ದೆ!

“ಊಟಕ್ಕೇನಪ್ಪಾ?” ಎಂದೆ.

“ಊಟಕ್ಕಲ್ಲ ಸ್ವಾಮಿ, ಮೀನಿಗೆ. ಗಟ್ಟಿಯಾಗಿ ಬೇಯಿಸಿ ನಾದ್ಬೇಕು. ಮನೇಲಿ ಮಾಡೋ ಹಂಗೆ ಮೆತ್ತಗಿದ್ರೆ ನೀರಲ್ಲಿ ಕರಗೋಯ್ತದೆ.”

ನಿಂಬೆಯ ಗಾತ್ರಕ್ಕಿಂತ ದೊಡ್ಡದಾದ ಉಂಡೆಯನ್ನು ಗಾಳಕ್ಕೆ ಮೆತ್ತಿ ಕೊಟ್ಟ. ಅದು ಹೊಳೆಯ ನಡುವಣ ಸುಳಿಗೆ ಹೋಗಿ ಬಿತ್ತು. ನಮ್ಮ ಸೀಮೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಬೆರಗು ಬೇಡವಾಗಿತ್ತು. ನಾವು ಮೂರು ಹೊತ್ತು ಉಣ್ಣುವ ಮುದ್ದೆಯನ್ನು ಮೀನು ಉಣ್ಣುತ್ತದೆ. ಅದನ್ನು ನೋಡಲು ಸೀಮೆಯಿಂದ ಒಬ್ಬ ವಿಮಾನ ಹತ್ತಿ ಬರುತ್ತಾನೆ!

ಕಾಯುವ ಹೊತ್ತಿನಲ್ಲಿ ಆತ ಮಕ್ಕಳಿಗೆ ಒಂದು ಚಪ್ಪಟೆಯ ಪೆಟ್ಟಿಗೆಯನ್ನು ತೆರೆದು ತೋರಿಸಿದ. ಒಳಗೆ ಸಾಲಾಗಿ ಸಣ್ಣ ಸಣ್ಣ ಹುಳುಗಳು. ಮುಟ್ಟಿ ನೋಡಿದರೆ ಹುಳುಗಳಲ್ಲ, ನೂಲು ಮತ್ತು ಹಕ್ಕಿಯ ಪುಕ್ಕಗಳಿಂದ ಗಾಳಕ್ಕೆ ಕಟ್ಟಿದ ಹುಸಿ ನೊಣಗಳು. ಬೆಳಗಿನ ಜಾವ, ಹೊಳೆ ತಿಳಿಯಾಗಿ ತೆಳ್ಳಗೆ ಹರಿಯುವ ಕಡೆ, ಇವನ್ನು ನೀರಿನ ಮೇಲೆ ನಿಜವಾದ ನೊಣ ಕುಳಿತಂತೆ ಹಗುರವಾಗಿ ಇಳಿಸಿದರೆ ಸಣ್ಣ ಮೀನುಗಳು ಎದ್ದು ಬಂದು ಕಚ್ಚುತ್ತವಂತೆ. ಇದಕ್ಕೇ ಫ್ಲೈ ಫಿಶಿಂಗ್ ಎಂದು ಹೆಸರು. ಅವುಗಳಲ್ಲೊಂದನ್ನು ಕಟ್ಟಿದ್ದು ನವಿಲುಗರಿಯ ಹಸಿರು ಎಳೆಯಿಂದ. ನಾವು ದಂಟನ್ನು ಇಟ್ಟುಕೊಂಡು ಎಸೆಯುತ್ತಿದ್ದ ಎಳೆಯಿಂದಲೇ ಅವರು ನೊಣ ಕಟ್ಟುತ್ತಾರೆಂದು ತಿಳಿದು ನನಗೆ ಒಳಗೊಳಗೇ ನಗು ಬಂತು.

ಆಮೇಲೆ ರೀಲು ಕಿರ್‍ರೆಂದು ಕೂಗಿತು. ಮುಂದಿನ ಅರ್ಧ ಗಂಟೆ ನಡೆದದ್ದನ್ನು ವರ್ಣಿಸಲು ನಾನು ಅರ್ಹನಲ್ಲ. ಏಕೆಂದರೆ ಹೊಳೆಯ ಅಂಚಿಗೆ ನುಗ್ಗುತ್ತಿದ್ದ ಮಕ್ಕಳ ತಲೆ ಎಣಿಸುವುದರಲ್ಲೇ ನನ್ನ ಜೀವ ಅರ್ಧವಾಗಿತ್ತು. ಹರಿಗೋಲು ಹೊಳೆಯ ಪಾತ್ರದಲ್ಲಿ ಮೀನಿನ ಹಿಂದೆ ಹೋಗಿ ಮರಳಿ ದಡಕ್ಕೆ ಬಂದಾಗ, ನಮ್ಮ ಏಳನೆಯ ತರಗತಿಯ ಹುಡುಗನಷ್ಟು ಉದ್ದದ, ಒಂದೊಂದು ಹುರುಪೆಯೂ ಅಂಗೈಯ ಅಗಲವಿದ್ದ ಮೀನು ನೀರಿನಲ್ಲಿ ಮಲಗಿತ್ತು. ತೂಗಿದರು. ಒಂದು ಪುಸ್ತಕದಲ್ಲಿ ಬರೆದುಕೊಂಡರು. ಬಳಿಕ ಅದರ ಮುಖವನ್ನು ಹರಿವಿಗೆ ಎದುರಾಗಿ ಹಿಡಿದು, ಅದು ಚೇತರಿಸಿಕೊಳ್ಳುವವರೆಗೆ ಕಾದು, ಬಿಟ್ಟುಬಿಟ್ಟರು.

“ಸಾ, ಹಿಡ್ದು ಬಿಡೋದಾದ್ರೆ ಹಿಡಿಯೋದ್ಯಾಕೆ ಸಾ?” ಎಂದು ತುರುವೇಕೆರೆಯ ಕಡೆಯ ಒಬ್ಬ ಹುಡುಗ ಕೇಳಿದ. ನಾನು ಏನೋ ಒಂದು ಹೇಳಿ ಬಾಯಿ ಮುಚ್ಚಿಸಿದೆ. ಮೇಷ್ಟರಾದವರಿಗೆ ಅದು ಕರಗತವಾದ ವಿದ್ಯೆ. ಆದರೆ ಪ್ರಶ್ನೆ ನನ್ನ ಜೊತೆಯಲ್ಲೇ ಬಸ್ಸು ಹತ್ತಿತು. ಅಂದಿನಿಂದ ಕೈಗೆ ಸಿಕ್ಕಿದ್ದನ್ನು ಓದುತ್ತ ಬಂದಿದ್ದೇನೆ.

*

ಆ ಮೀನನ್ನು ಜಗತ್ತು ಮಹಶೀರ್ ಎನ್ನುತ್ತದೆ. ಕಾವೇರಿಯ ದಡದವರು ಬಿಳಿಮೀನು ಎನ್ನುತ್ತಾರೆ. ಕುಲದಲ್ಲಿ ಅದು ನಮ್ಮ ಕೆರೆಯ ಗೆಂಡೆಗೆ ಹತ್ತಿರದ ನೆಂಟ. ಎರಡೂ ಕಾರ್ಪ್ ಕುಟುಂಬಕ್ಕೆ ಸೇರಿದವು. ಹೊನ್ನವಳ್ಳಿಯ ಕೆರೆಯಲ್ಲಿ ಗೇಣುದ್ದ ಬೆಳೆಯುವ ಮನೆತನದ್ದೇ ಒಂದು ಕವಲು ಕಾವೇರಿಯ ಮಡುಗಳಲ್ಲಿ ಐವತ್ತು ಕಿಲೋ ದಾಟುತ್ತಿತ್ತು.

ಗಾಳದ ವಿನೋದವನ್ನು ನಮಗೆ ಕಲಿಸಿದವರು ಇಂಗ್ಲಿಷರೆಂದು ನಾನು ಬಹುಕಾಲ ನಂಬಿದ್ದೆ. ಅದು ತಪ್ಪು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ, 1130ರ ಆಸುಪಾಸಿನಲ್ಲಿ, ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಇಡ್ಲಿಯ ಪೂರ್ವಜರನ್ನು ಹುಡುಕುವವರೆಲ್ಲ ಆ ಗ್ರಂಥವನ್ನು ಉಲ್ಲೇಖಿಸುತ್ತಾರೆ. ಆದರೆ ಅದರ ವಿನೋದಗಳ ಭಾಗದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವಿರುವುದು ಅಷ್ಟಾಗಿ ಪ್ರಸಿದ್ಧವಲ್ಲ. ಸಮುದ್ರದ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಎಂಥ ಉಂಡೆ ಹಾಕಿ ಪಳಗಿಸಬೇಕು, ಗಾಳ ದಾರಗಳು ಹೇಗಿರಬೇಕು, ಎಲ್ಲವನ್ನೂ ದೊರೆ ವಿವರಿಸುತ್ತಾನೆ. ಎಳ್ಳು, ಕಡಲೆಹಿಟ್ಟು, ಅನ್ನಗಳ ಉಂಡೆಗಳು ಅಲ್ಲಿ ಬರುತ್ತವೆ. ಭೀಮೇಶ್ವರಿಯ ಹರಿಗೋಲಿನವನು ನಾದುತ್ತಿದ್ದ ಮುದ್ದೆ ಆ ಉಂಡೆಗಳ ವಂಶದ್ದೇ ಎಂದರೆ ಅತಿಶಯೋಕ್ತಿಯಾಗಲಾರದು. ಮೀನುಗಳ ಮಹಾಪಂಡಿತರಾಗಿದ್ದ ಡಾ. ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ವಿಜ್ಞಾನಿಗಳ ಗಮನಕ್ಕೆ ತಂದರು. ಹೋರಾ ಅವರ ಹೆಸರು ಮುಂದೆ ಇನ್ನೊಂದು ಸಲ, ಅಷ್ಟು ಸುಖವಲ್ಲದ ಕಾರಣಕ್ಕೆ, ಬರಲಿದೆ.

ಇಂಗ್ಲಿಷರ ಕಾಲಕ್ಕೆ ಬಂದರೆ ಮೊದಲು ನೆನೆಯಬೇಕಾದವನು ಎಚ್. ಎಸ್. ಥಾಮಸ್. ಮದರಾಸು ಸಿವಿಲ್ ಸರ್ವಿಸಿನವನು, ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದವನು. ಅವನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ನಮ್ಮ ಮಂಗಳೂರಿನಲ್ಲಿ. ಎರೆಯ ಮೀನು, ಲೋಹದ ಚಮಚೆ, ಪುಕ್ಕದ ನೊಣ, ಯಾವ ನೀರಿಗೆ ಯಾವುದು ಎಂದು ಅವನು ಬರೆದ ಆ ಪುಸ್ತಕ ಮುಂದೆ ಇಡೀ ದೇಶದ ಗಾಳಗಾರರ ಕೈಪಿಡಿಯಾಯಿತು. ಆದರೆ ನನಗೆ ಅವನಲ್ಲಿ ಹೆಚ್ಚು ಹಿಡಿಸಿದ್ದು ಬೇರೆಯದು. ಘಟ್ಟದ ತೊರೆಗಳಲ್ಲಿ ಕೂಳಿ, ತಟ್ಟಿಗಳನ್ನು ಹಾಕಿ ಬೆರಳುದ್ದದ ಮರಿಗಳನ್ನು ರಾಶಿರಾಶಿಯಾಗಿ ತೆಗೆಯುವುದನ್ನು ಕಂಡು, ಹೀಗಾದರೆ ನದಿಗಳು ಬರಿದಾಗುತ್ತವೆಂದು ಅವನು ಸರ್ಕಾರಕ್ಕೆ ವರದಿ ಬರೆದ. ಅವನಂಥವರ ಒತ್ತಾಯದಿಂದಲೇ 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಬಂತು; ತೋಟೆ ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯುವುದು ಅಂದೇ ಅಪರಾಧವಾಯಿತು. ಅಪರಾಧವಾಯಿತು ಎಂದೆನೇ ಹೊರತು ನಿಂತಿತು ಎನ್ನಲಿಲ್ಲ.

ಮೈಸೂರು ಸೀಮೆಯ ಬಿಳಿಮೀನಿನ ಕೀರ್ತಿ ಹಬ್ಬಿದ್ದು ಅದರ ತೂಕದಿಂದ. 1919ರ ಡಿಸೆಂಬರಿನಲ್ಲಿ ಮೇಜರ್ ರಿವೆಟ್ ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡಿನ ಮೀನು ಹಿಡಿದ. 1921ರಲ್ಲಿ ಮರ್ರೆ ಏನ್ಸ್‌ಲಿ ಕಬಿನಿಯಲ್ಲಿ 104 ಪೌಂಡಿನದನ್ನು ಹಿಡಿದ. ಕಡೆಗೆ 1946ರ ಮಾರ್ಚ್ ತಿಂಗಳಲ್ಲಿ, ಬೇಸಿಗೆಯ ತಿಳಿನೀರಿನಲ್ಲಿ, ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಿಂದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮೀನನ್ನು ಎತ್ತಿದರು. ವ್ಯಾನ್ ಇಂಗೆನ್ ಎಂದರೆ ಮಹಾರಾಜರು ಹೊಡೆದ ಹುಲಿ ಚಿರತೆಗಳಿಗೆ ಹುಲ್ಲು ತುಂಬಿ ಜೀವಂತವೆಂಬಂತೆ ನಿಲ್ಲಿಸುತ್ತಿದ್ದ ಮನೆತನ. ಅವರ ಕಾರ್ಖಾನೆ 1999ರವರೆಗೂ ಮೈಸೂರಿನಲ್ಲಿತ್ತು. ಆ ದಾಖಲೆಯನ್ನು ಇಂದಿನವರೆಗೆ ಯಾರೂ ಮುರಿದಿಲ್ಲ. ಮುರಿಯುವಷ್ಟು ದೊಡ್ಡ ಮೀನು ಇರಬೇಡವೇ?

ಏಕೆಂದರೆ ಅಷ್ಟರಲ್ಲಿ ಹೊಳೆಯೇ ಬದಲಾಗುತ್ತ ಬಂದಿತ್ತು. ಬಿಳಿಮೀನು ಮುಂಗಾರಿನ ಹೊಸನೀರು ಬಂದಾಗ ಮೇಲಕ್ಕೆ ಈಜಿ, ಕಲ್ಲುಮರಳಿನ ತೊರೆಗಳಲ್ಲಿ ಮೊಟ್ಟೆಯಿಡುವ ಜಾತಿ. 1911ರಲ್ಲಿ ಕನ್ನಂಬಾಡಿಯ ಕಟ್ಟೆಗೆ ಕೈಹಾಕಿದರು. 1934ರ ವೇಳೆಗೆ ಕೆಳಗೆ ಮೆಟ್ಟೂರು ಎದ್ದು ನಿಂತಿತು. 1974ರಲ್ಲಿ ಕಬಿನಿ, ಆ ಬಳಿಕ ಗೊರೂರಿನಲ್ಲಿ ಹೇಮಾವತಿ. ಈ ಮಾತನ್ನು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ. ಹೇಮಾವತಿಯ ನಾಲೆ ಬಾರದಿದ್ದರೆ ನಮ್ಮ ತಾಲ್ಲೂಕುಗಳ ತೆಂಗಿನ ಗತಿಯೇನು? ಹೊನ್ನವಳ್ಳಿ ಏತ ನೀರಾವರಿಯ ಹೆಸರಿನಲ್ಲಿ ನಾವು ಎಷ್ಟು ಅರ್ಜಿ ಬರೆದಿಲ್ಲ! ಕಾವೇರಿಯ ಒಂದು ಕೈಯ ನೀರನ್ನು ಪೈಪಿನಲ್ಲಿ ಎತ್ತಿ ಕುಡಿಯುತ್ತ ಅಣೆಕಟ್ಟೆಗಳನ್ನು ಬೈಯುವ ಹಕ್ಕು ನನಗಿಲ್ಲ. ಮೇಲಕ್ಕೆ ಹೋಗುವ ಮೀನಿನ ದಾರಿ ಮುಚ್ಚಿತು ಎಂಬಷ್ಟನ್ನು ಮಾತ್ರ ದಾಖಲಿಸುತ್ತೇನೆ. ಉಳಿದ ಮಡುಗಳಲ್ಲಿ ತೋಟೆಯ ಸದ್ದು ಕೇಳತೊಡಗಿತು.

ಸ್ವಾತಂತ್ರ್ಯಾನಂತರ ಗಾಳಗಾರ ದೊರೆಗಳು ಊರಿಗೆ ಹೋದರು. ಬಿಳಿಮೀನನ್ನು ಹೊರಜಗತ್ತು ಮರೆತೇಬಿಟ್ಟಿತು. 1977-78ರಲ್ಲಿ ಇಂಗ್ಲೆಂಡಿನ ಮೂವರು ಯುವಕರು ಇದನ್ನು ಹುಡುಕುತ್ತ ಬಂದು ಕಾವೇರಿಯಲ್ಲಿ ದೊಡ್ಡ ದೊಡ್ಡ ಮೀನುಗಳನ್ನು ಹಿಡಿದು ತೋರಿಸಿದ ಮೇಲೆ ಮತ್ತೆ ವಿದೇಶೀಯರ ಪ್ರಯಾಣ ಶುರುವಾಯಿತು. ನದಿದೈತ್ಯ ಮೀನುಗಳ ಟೆಲಿವಿಷನ್ ಕಾರ್ಯಕ್ರಮದಿಂದ ಆಮೇಲೆ ಪ್ರಸಿದ್ಧನಾದ ಜೆರೆಮಿ ವೇಡ್ 1982ರಲ್ಲಿ ಭಾರತಕ್ಕೆ ಬಂದದ್ದೂ ಈ ಮೀನಿಗಾಗಿಯೇ. ಅತ್ತ ಬೆಂಗಳೂರಿನ ದಕ್ಷಿಣ ಭಾರತ ವನ್ಯಜೀವಿ ಸಂಘ 1972ರಿಂದಲೂ ಕಾವೇರಿಯ ಒಂದು ಪಾತ್ರವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತ್ತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿಯಲ್ಲೂ, ಬಳಿಕ ದೊಡ್ಡಮಾಕಳಿ, ಗಾಳಿಬೋರೆಗಳಲ್ಲೂ ಶಿಬಿರಗಳನ್ನು ತೆರೆಯಿತು. ನಿಯಮ ಒಂದೇ: ಹಿಡಿದ ಮೀನನ್ನು ಜೀವಂತವಾಗಿ ಬಿಡಬೇಕು, ತೂಕವನ್ನು ಪುಸ್ತಕದಲ್ಲಿ ಬರೆಯಬೇಕು. ಈ ಏರ್ಪಾಡಿನ ಜಾಣ್ಮೆಯಿದ್ದದ್ದು ನೌಕರಿಯಲ್ಲಿ. ನಿನ್ನೆ ತೋಟೆ ಎಸೆಯುತ್ತಿದ್ದವನೇ ಇಂದು ಸಂಬಳಕ್ಕೆ ಹರಿಗೋಲು ಹುಟ್ಟು ಹಾಕಿ ಮುದ್ದೆ ನಾದುವವನಾದ. ಸತ್ತ ಮೀನಿಗೆ ಒಂದು ಸಲ ದುಡ್ಡು, ಬದುಕಿದ ಮೀನಿಗೆ ಪ್ರತಿ ಬೇಸಿಗೆಯಲ್ಲೂ ದುಡ್ಡು. ಈ ಲೆಕ್ಕ ಅವನಿಗೆ ನಮಗಿಂತ ಬೇಗ ತಿಳಿಯಿತು.

ನನ್ನ ಹುಡುಗನ ಪ್ರಶ್ನೆಗೆ ಇದೇ ಉತ್ತರವೆಂದು ನಾನು ಬಹಳ ವರ್ಷ ಸಮಾಧಾನದಿಂದಿದ್ದೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

*

ಮಹಶೀರ್ ಎಲ್ಲೆಲ್ಲೂ ಕಡಿಮೆಯಾಗುತ್ತಿದೆ ಎಂಬ ಕೂಗು ಎದ್ದಾಗ ಅದಕ್ಕೆ ಪರಿಹಾರವೂ ಸಿದ್ಧವಾಯಿತು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆ ತನ್ನ ಜಲಾಶಯಗಳ ಬಳಿ 1970ರ ದಶಕದ ಆರಂಭದಿಂದ ಮಹಶೀರನ್ನು ಕೃತಕವಾಗಿ ಮರಿ ಮಾಡಿಸತೊಡಗಿತು. ಅಂದಿನ ಕಾಲಕ್ಕೆ ಅದು ಸಾಹಸವೇ ಸರಿ. ಲಕ್ಷಗಟ್ಟಲೆ ಮರಿಗಳು ಬೇರೆ ಬೇರೆ ರಾಜ್ಯಗಳಿಗೆ ಹೋದವು, ಕಾವೇರಿಗೂ ಬಂದವು. ಎಲ್ಲರೂ ಒಳ್ಳೆಯದನ್ನೇ ಬಯಸಿದ್ದರು. ಆದರೆ ಲೋಣಾವಳದಲ್ಲಿ ಬೆಳೆದದ್ದು ಟಾರ್ ಖುದ್ರಿ, ಅಂದರೆ ನೀಲಿ ರೆಕ್ಕೆಯ ಮಹಶೀರ್. ಅದು ಕೃಷ್ಣೆಯ ಮೇಲ್ದಂಡೆಯ ಹೊಳೆಗಳ ಮೀನು. ಕಾವೇರಿಯದಾದರೋ ಕಿತ್ತಳೆ ಬಣ್ಣದ ರೆಕ್ಕೆಯ, ತಲೆಯ ಹಿಂದಿನಿಂದಲೇ ಬೆನ್ನು ಗೂನಾಗಿ ಏಳುವ ಬೇರೆಯೇ ಮೀನು. ನಮ್ಮ ದಿಣ್ಣೆಯ ಆ ಬದಿಯ ನೀರಿನದು ಒಂದು, ಈ ಬದಿಯ ನೀರಿನದು ಇನ್ನೊಂದು. ಯುಗಯುಗಗಳಿಂದ ಈ ಗಡಿ ದಾಟದಿದ್ದ ಮೀನು ಡಬ್ಬಗಳಲ್ಲಿ ಕುಳಿತು ದಾಟಿತು.

ಇತರರ ಮೇಲೆ ಬೆರಳು ತೋರುವ ಮುನ್ನ ನನ್ನದನ್ನೂ ಹೇಳಿಬಿಡಬೇಕು. 1990ರ ದಶಕದಲ್ಲಿ ನಾನು ಕೆಲಸ ಮಾಡುತ್ತಿದ್ದ ಒಂದು ಊರಿನ ಕೆರೆಗೆ ಮೀನಿನ ಮರಿ ಬಿಡುವ ಕಾರ್ಯಕ್ರಮವಾಯಿತು. ನಾನೇ ಮುಂದೆ ನಿಂತು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿಸಿದೆ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ಪ್ರಕೃತಿಯ ಸಂಪತ್ತನ್ನು ಹೆಚ್ಚಿಸುತ್ತಿದ್ದೇವೆಂದು ಭಾಷಣವನ್ನೂ ಮಾಡಿದೆ. ಕಾಟ್ಲಾ, ರೋಹುಗಳು ಗಂಗೆಯ ಮೀನುಗಳು. ಸಾಮಾನ್ಯ ಗೆಂಡೆ 1939ರಲ್ಲಿ ಸಿಂಹಳದಿಂದ ನೀಲಗಿರಿಗೆ, 1957ರಲ್ಲಿ ಬ್ಯಾಂಕಾಕಿನಿಂದ ಕಟಕಕ್ಕೆ ಬಂದು ದೇಶವೆಲ್ಲ ಹರಡಿದ್ದು. ನಮ್ಮ ಮಕ್ಕಳು ಜಿಲೇಬಿ ಎಂದು ಕರೆಯುವ ಮೀನು ಆಫ್ರಿಕಾದ್ದು, 1952ರಲ್ಲಿ ಬಂದದ್ದು. ಇದೆಲ್ಲ ಆಗ ನನಗೆ ತಿಳಿದಿರಲಿಲ್ಲ. ಬೆಸ್ತರ ಮನೆಗೆ ಆ ಮೀನುಗಳಿಂದ ಅನ್ನ ಬಂತೆಂಬುದು ನಿಜ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನನ್ನ ಬಾಲ್ಯದ ಸಸಲನ್ನು ನಾನು ಆ ಕೆರೆಯಲ್ಲಿ ಮತ್ತೆ ಕಂಡಿಲ್ಲ. ಕೇಳಿದರೆ ಹುಡುಗರಿಗೆ ಆ ಹೆಸರೂ ಗೊತ್ತಿಲ್ಲ.

ಕಾವೇರಿಯಲ್ಲಿ ಏನಾಯಿತೆಂಬುದು ತಿಳಿದದ್ದು ಆ ಶಿಬಿರದ ಪುಸ್ತಕಗಳಿಂದ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕವನ್ನು ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಸಂಗಡಿಗರು ಕುಳಿತು ಪರಿಶೀಲಿಸಿದರು. ಸುಮಾರು 23 ಸಾವಿರ ಗಂಟೆಗಳ ಗಾಳ, 6 ಸಾವಿರಕ್ಕೂ ಮಿಕ್ಕ ಮೀನುಗಳು. ಮೇಲುನೋಟಕ್ಕೆ ಸಂತೋಷದ ಸುದ್ದಿ: ವರ್ಷದಿಂದ ವರ್ಷಕ್ಕೆ ಮೀನಿನ ಸಂಖ್ಯೆ ಏರಿತ್ತು. ಆದರೆ ಸರಾಸರಿ ತೂಕ ಇಳಿದಿತ್ತು. ಯಾವ ಮೀನು ಯಾವುದೆಂದು ಬಿಡಿಸಿ ನೋಡಿದಾಗ ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯದು. ಗೂನುಬೆನ್ನಿನದು ಅಪರೂಪಕ್ಕೆ ಮಾತ್ರ, ಅದೂ ಹೆಚ್ಚಾಗಿ ಮುದಿ ಮೀನುಗಳು. ಮರಿಗಳಿಲ್ಲ. ಊರಿನಲ್ಲಿ ಅಜ್ಜಂದಿರು ಮಾತ್ರ ಉಳಿದ ಹಾಗೆ. 2015ರಲ್ಲಿ ಅವರು ಇದನ್ನು ಪ್ರಕಟಿಸಿ, ಕಾವೇರಿಯ ಈ ಮೀನು ಅಳಿವಿನತ್ತ ಈಜುತ್ತಿದೆಯೇ ಎಂದು ಕೇಳಿದರು.

ಕಾಪಾಡೋಣವೆಂದರೆ ಇನ್ನೊಂದು ವಿಚಿತ್ರ ತೊಡಕು ಎದುರಾಯಿತು. ಆ ಮೀನಿಗೆ ಹೆಸರೇ ಇರಲಿಲ್ಲ! ನೂರೈವತ್ತು ವರ್ಷ ಜಗತ್ತಿನ ಗಾಳಗಾರರು ಕೊಂಡಾಡಿದ ಮೀನಿಗೆ ಶಾಸ್ತ್ರೀಯವಾದ ಸರಿಯಾದ ಹೆಸರಿಲ್ಲ. ಹೋರಾ ಅವರು 1940ರ ದಶಕದಲ್ಲಿ ಇದನ್ನು ಟಾರ್ ಮುಸ್ಸುಲ್ಲಾ ಎಂದು ಗುರುತಿಸಿದ್ದರು. ಆದರೆ ಮುಸ್ಸುಲ್ಲಾ ಎಂಬ ಹೆಸರನ್ನು ಕರ್ನಲ್ ಸೈಕ್ಸ್ 1839ರಲ್ಲಿ ಕೊಟ್ಟದ್ದು ಕೃಷ್ಣೆಯ ಸೀಮೆಯ ಬೇರೊಂದು ಮೀನಿಗೆಂದೂ, ಅದು ಮಹಶೀರೇ ಅಲ್ಲವೆಂದೂ ನಂತರ ತೀರ್ಮಾನವಾಯಿತು. ಮತ್ಸ್ಯವಿನೋದವನ್ನು ಬೆಳಕಿಗೆ ತಂದ ಪಂಡಿತರ ಕೈಯಲ್ಲೇ ನಮ್ಮ ಬಿಳಿಮೀನಿಗೆ ನೆರೆಮನೆಯವರ ಹೆಸರು ಅಂಟಿಕೊಂಡಿತ್ತು. ಹೆಸರಿಲ್ಲದ ಜೀವಿಯನ್ನು ಅಳಿವಿನ ಪಟ್ಟಿಗೆ ಸೇರಿಸುವುದು ಹೇಗೆ? ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗು ಶಾಲೆಗೆ ಬಾರದಿದ್ದರೆ ಗೈರುಹಾಜರಿ ಹಾಕುವವರಾರು? ಮೂವತ್ತು ವರ್ಷ ಹಾಜರಿ ಕೂಗಿದವನಿಗೆ ಈ ಸಂಗತಿ ಬೇಗನೆ ಅರ್ಥವಾಗುತ್ತದೆ.

ಪಿಂಡರ್ ಅವರ ತಂಡ ಗೂನುಬೆನ್ನಿನ ಮೀನನ್ನು ಹುಡುಕುತ್ತ ಬಂಡೀಪುರದ ಅಂಚಿನ ಮೋಯಾರ್ ನದಿಗೆ ಹೋಯಿತು. ಅಲ್ಲಿ ಸಿಕ್ಕ ಮೀನುಗಳ ಅಂಗಾಂಗಗಳನ್ನೂ ವಂಶವಾಹಿಗಳನ್ನೂ ಪರೀಕ್ಷಿಸಿದಾಗ, ಅದಕ್ಕೂ ಸುಮಾರು ಹತ್ತು ವರ್ಷ ಮೊದಲೇ ಕೇರಳದ ಪಾಂಬಾರ್ ನದಿಯ ಚಿಕ್ಕ ಮೀನುಗಳನ್ನು ನೋಡಿ ಅಲ್ಲಿಯ ವಿಜ್ಞಾನಿಗಳು ಟಾರ್ ರೆಮಾದೇವಿ ಎಂದು ಹೆಸರಿಸಿದ್ದ ಜಾತಿಯೂ ಇದೂ ಒಂದೇ ಎಂದು ತಿಳಿಯಿತು. ಪಾಂಬಾರ್ ಅಮರಾವತಿಗೆ, ಅಮರಾವತಿ ಕಾವೇರಿಗೆ ಸೇರುವ ನದಿ, ಆದ್ದರಿಂದ ಆಶ್ಚರ್ಯವೇನಿಲ್ಲ. ರೆಮಾದೇವಿ ಎಂಬುದು ಮೀನುಗಳ ಅಧ್ಯಯನದಲ್ಲಿ ಹೆಸರಾದ ಪ್ರಾಣಿವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಾರ್ಥ. 2018ರ ಜೂನ್‌ನಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಅದೇ ನವೆಂಬರಿನಲ್ಲಿ ಮೀನು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದ ವರ್ಗಕ್ಕೆ ಸೇರಿತು. ಹೆಸರು ಸಿಕ್ಕಿದ ವರ್ಷವೇ ಅಳಿವಿನ ಪಟ್ಟಿಯಲ್ಲಿ ಹಾಜರಿ.

*

2010ರ ಸುಮಾರಿಗೆ ಕಾವೇರಿ ವನ್ಯಧಾಮದೊಳಗೆ ಗಾಳವನ್ನೂ ಬೇಟೆಯೆಂದು ಪರಿಗಣಿಸುವ ಅರ್ಥ 1972ರ ವನ್ಯಜೀವಿ ಕಾಯಿದೆಗೆ ಬಂತು. ಕೆಲವು ವರ್ಷ ಹಗ್ಗಜಗ್ಗಾಟ ನಡೆದು 2012ರ ಹೊತ್ತಿಗೆ ಶಿಬಿರಗಳ ಗಾಳ ಪೂರ್ತಿ ನಿಂತಿತು. ಇದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ವನ್ಯಧಾಮದಲ್ಲಿ ಪ್ರಾಣಿಯ ಬಾಯಿಗೆ ಕೊಕ್ಕೆ ಸಿಕ್ಕಿಸಿ ಆಡುವುದು ಎಂಥ ರಕ್ಷಣೆ ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಮೀನು ತಿನ್ನದ ಮನೆಯಲ್ಲಿ ಹುಟ್ಟಿದವನಿಗೆ ಆ ಮಾತು ಸಹಜವಾಗಿ ಒಪ್ಪಿಗೆಯಾಗುತ್ತದೆ. ಆದರೂ ನನ್ನ ಮನಸ್ಸು ಇನ್ನೊಂದು ಕಡೆಗೇ ವಾಲುತ್ತದೆ. ಗಾಳ ನಿಂತ ದಿನ ಆ ಪುಸ್ತಕವೂ ನಿಂತಿತು. ಮುದ್ದೆ ನಾದುತ್ತಿದ್ದವನ ಆ ಕೆಲಸವೂ ಹೋಯಿತು. ರಾತ್ರಿ ಹೊಳೆಯಲ್ಲಿ ತೋಟೆಯ ಸದ್ದು ಕೇಳಿದರೆ ಎದ್ದು ಓಡುವ ಗರಜು ಇದ್ದವರು ಅಲ್ಲಿಂದ ಕದಲಿದರು. ಮೀನು ಇದೆಯೋ ಇಲ್ಲವೋ ಎಂಬುದನ್ನು ಹೇಳಲು ಯಾರಾದರೂ ದಿನವೂ ಹೊಳೆಯನ್ನು ನೋಡುತ್ತಿರಬೇಕಲ್ಲ?

ದೇವರ ಹೆಸರಿನ ಕಾವಲು ಇದಕ್ಕಿಂತ ಹಳೆಯದು. ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಣಿಯ ಮಡುವಿನಲ್ಲಿ, ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ಭಕ್ತರು ಪುರಿ ಎಸೆಯುತ್ತಾರೆ, ಮೀನುಗಳು ಮೇಲೆದ್ದು ಮುತ್ತುತ್ತವೆ. ನೋಡಲು ಕಣ್ಣಿಗೆ ಹಬ್ಬ. ಆದರೆ ಶಿಶಿಲದಲ್ಲಿ 1996ರಲ್ಲಿ ಯಾರೋ ಪಾಪಿಗಳು ವಿಷ ಬೆರೆಸಿ ಸಾವಿರಾರು ಮೀನುಗಳನ್ನು ಕೊಂದರು. ಊರವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದ್ದಾರೆ. ಮೀನಿಗೆ ಸ್ಮಾರಕವಿರುವ ಊರು ಇನ್ನೆಲ್ಲಿದೆಯೋ ನಾನರಿಯೆ. ಮಡುವಿನ ಮೀನನ್ನು ದೇವರು ಕಾಯಬಹುದು. ಮೊಟ್ಟೆಯಿಡಲು ಅದು ಮಡು ಬಿಟ್ಟು ಮೇಲಕ್ಕೆ ಹೊರಟಾಗ ಕಾಯುವವರು ಬೇಕು.

ಈಗ ಸಂಗಮದ ಕೆಳಗೆ ಮೇಕೆದಾಟಿನಲ್ಲಿ 67 ಟಿಎಂಸಿಯ ಜಲಾಶಯದ ಪ್ರಸ್ತಾಪವಿದೆ. ಅದು ಬೆಂಗಳೂರಿನ ಬಾಯಾರಿಕೆಯ, ಎರಡು ರಾಜ್ಯಗಳ ವಾದದ ವಿಷಯ. ನನ್ನಂಥವನು ತೀರ್ಪು ಹೇಳುವಂಥದ್ದಲ್ಲ. ಅದರ ಪರ ವಿರೋಧದ ಭಾಷಣಗಳನ್ನು ಬೇಕಾದಷ್ಟು ಓದಿದ್ದೇನೆ. ಗಾಳಿಬೋರೆಯ ಮಡುಗಳು ಅಲ್ಲಿಂದ ತುಸು ಮೇಲೆಯೇ ಇವೆಯೆಂಬ ಮಾತು ಒಂದರಲ್ಲೂ ಕಾಣಲಿಲ್ಲ.

2018ರ ಕೊನೆಯಲ್ಲಿ ಒಂದು ಸಂಜೆ ದೂರವಾಣಿ ಬಂತು. ಅಂದು ಪ್ರಶ್ನೆ ಕೇಳಿದ್ದ ಹುಡುಗ. ಈಗ ಐವತ್ತರ ಹತ್ತಿರದ ತೆಂಗಿನ ಬೆಳೆಗಾರ. ಕೊಬ್ಬರಿ ಹಾಕಲು ತಿಪಟೂರಿನ ಮಾರುಕಟ್ಟೆಗೆ ಬಂದವನು ಯಾವುದೋ ಪತ್ರಿಕೆಯಲ್ಲಿ ಮೀನಿನ ಸುದ್ದಿ ಓದಿದನಂತೆ.

“ಸಾ, ಅವತ್ತು ಮುತ್ತತ್ತಿ ಹತ್ರ ನೋಡಿದ್ವಲ್ಲ, ಅದು ಯಾವ ಮೀನು ಸಾ? ಹಳೇದೋ, ಹೊಸದಾಗಿ ಬಿಟ್ಟಿದ್ದೋ?”

“ರೆಕ್ಕೆ ಯಾವ ಬಣ್ಣ ಇತ್ತೋ?” ಎಂದೆ.

ಕಿತ್ತಳೆ ಎಂದು ಅವನು. ಪಕ್ಕದಲ್ಲೇ ಇದ್ದ, ಅಂದಿನ ಪ್ರವಾಸಕ್ಕೆ ಬಂದಿದ್ದ ಇನ್ನೊಬ್ಬ ಫೋನು ಕಸಿದುಕೊಂಡು, ಇಲ್ಲ ಸಾ, ನೀಲಿ, ನಾನು ಬಾಲ ಮುಟ್ಟಿದ್ದೆ ಎಂದ. ಇಬ್ಬರೂ ನನ್ನನ್ನು ಬಿಟ್ಟು ತಮ್ಮತಮ್ಮಲ್ಲೇ ವಾದಕ್ಕಿಳಿದರು. ಕಡೆಗೆ, “ನೀವೇ ಹೇಳಿ ಸಾ, ನೀವೂ ಅಲ್ಲೇ ಇದ್ರಲ್ಲ” ಎಂದರು.

ನಾನು ತಲೆ ಎಣಿಸುತ್ತಿದ್ದೆ.